ಮೀನು ಮಲಗಿದ ಗುರುತು

ಹೊರಡುವ ಹಿಂದಿನ ದಿನ ಸಂಜೆ ನಾನು ಕಲಬುರಗಿಯ ನನ್ನ ಗಂಡನ ಮನೆಯ ಅಡುಗೆಮನೆಯಲ್ಲಿ ಕೂತು ಮೀನಿಗೆ ಹಿಟ್ಟು ಕಲಸುತ್ತಿದ್ದೆ. ಜೋಳದ ಹಿಟ್ಟು, ಕುಟ್ಟಿದ ಶೇಂಗಾ ಹಿಂಡಿ, ಒಂದು ಚಿಟಿಕೆ ಅಜವಾನ. ಜೊತೆಗೆ ಅಪ್ಪ ಕಮಲಾಪುರದ ತೋಟದಿಂದ ತಂದಿದ್ದ ಕೆಂಪು ಬಾಳೆಹಣ್ಣು ಎರಡು. ಸಿಪ್ಪೆ ಕಪ್ಪಾಗಿ, ಒಳಗಿನದು ತಾನೇ ಕರಗುವಷ್ಟು ಮಾಗಿತ್ತು. ಅಳತೆ ಅಪ್ಪನದು, ಕೈ ನನ್ನದು. ಅವರು ಪಡಸಾಲೆಯಲ್ಲಿ ಕೂತು ಅಲ್ಲಿಂದಲೇ ಹದ ಹೇಳುತ್ತಿದ್ದರು.

"ಕೈಗೆ ಹತ್ತಬಾರದು, ಗ್ವಾಡಿಗೆ ಒಗದ್ರ ಹತ್ತಬೇಕು. ಹಂಗ ನಾದು."

ಅಷ್ಟರಲ್ಲಿ ಅತ್ತೆ ಬಂದು ಪರಾತದ ಅಂಚಿನಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡುಬಿಟ್ಟರು. "ಮಾದ್ಲಿ ಛಲೋ ಆಗ್ಯದ. ಬೆಲ್ಲ ಒಂಚೂರು ಕಮ್ಮಿ ಬಿದ್ದದ ನೋಡು."

"ಅಕ್ಕಾರ, ಅದು ಮೀನಿಂದರೀ," ಎಂದು ಅಪ್ಪ ಹೊರಗಿನಿಂದ ಕೂಗಿದರು.

ಅತ್ತೆಯ ಕೈ ಕೊರಳಿನ ತುಳಸಿ ಮಾಲೆಗೆ ಹೋಯಿತು. ಪಂಢರಪುರಕ್ಕೆ ನಡೆದುಹೋಗಿ ಮಾಲೆ ಹಾಕಿಸಿಕೊಂಡು ಬಂದ ಮೇಲೆ ಅವರು ಮಾಂಸ ಮೀನು ಬಿಟ್ಟವರು. ನಮ್ಮ ಮನೆಯ ಒಲೆಯ ಮೇಲೆ ಅವು ಬಾರದೆ ವರ್ಷಗಳಾಗಿವೆ.

"ಮೀನ ಹಾಕೀಯೇನ ಇದ್ರಾಗ?"

"ಇಲ್ರೀ ಅತ್ತಿ. ಇದು ಮೀನಾ ತಿನ್ನೋದು."

ಅವರು ನಾಲಗೆಯ ಮೇಲೆ ಉಳಿದದ್ದನ್ನು ಒಂದು ಕ್ಷಣ ಪರೀಕ್ಷಿಸಿದರು. "ಹಂಗಾದ್ರ ನಿಮ್ಮ ಕಮಲಾಪುರದ ಮೀನಾನೂ ಮಾಲಿ ಹಾಕ್ಕೊಂಡಾವ ಅನ್ನು," ಎಂದು ಇನ್ನೊಂದು ಚೂರು ತೆಗೆದುಕೊಂಡು ಹೋದರು.

ನಾವು ಹೊರಟಿದ್ದು ಕುಮಟೆಯ ಹತ್ತಿರದ ಒಂದು ಅಳಿವೆಗೆ, ಅಂದರೆ ಹೊಳೆ ಸಮುದ್ರ ಸೇರುವಲ್ಲಿಗೆ. ಅಲ್ಲಿ ಅಪ್ಪ ನಂಗು ಎಂಬ ಒಂದು ಮೀನನ್ನು ತಮ್ಮ ಕೈಯಿಂದ ಹಿಡಿದು ನೋಡಬೇಕಿತ್ತು. ನಂಗು ರೊಟ್ಟಿಯಂತೆ ಚಪ್ಪಟೆ. ನೀರಿನ ತಳದಲ್ಲಿ ಒಂದು ಮಗ್ಗುಲಾಗಿ ಮಲಗಿರುತ್ತದೆ. ಅದರ ಎರಡೂ ಕಣ್ಣು ಮೇಲಿನ ಒಂದೇ ಬದಿಗಿರುತ್ತವೆ.

ಈ ಮೀನಿನ ಮಾತು ನನ್ನ ತವರಿಗೆ ಬಂದದ್ದು ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ. ಕಲಬುರಗಿಯ ಕಾನ್ವೆಂಟಿನಲ್ಲಿ ನನ್ನನ್ನು ಹಾಸ್ಟೆಲಿಗೆ ಹಾಕಿದ್ದರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಕಮಲಾಪುರ, ಸೋಮವಾರ ನಸುಕಿನ ಬಸ್ಸಿಗೆ ವಾಪಸು. ನಿಸರ್ಗ ಪಾಠ ಹೇಳುತ್ತಿದ್ದ ಸಿಸ್ಟರ್ ಮಂಗಳೂರು ಕಡೆಯವರು. ಸೀಮೆಸುಣ್ಣದಿಂದ ಒಂದೇ ಗೆರೆಯಲ್ಲಿ, ಕೈ ಎತ್ತದೆ, ಹಲಗೆಯ ಮೇಲೆ ಆ ಮೀನನ್ನು ಬರೆದರು. ಮರಿಯಾಗಿದ್ದಾಗ ಇದು ಎಲ್ಲ ಮೀನುಗಳಂತೆಯೇ ಇರುತ್ತದೆ, ಬೆಳೆಯುತ್ತ ಬೆಳೆಯುತ್ತ ಒಂದು ಕಣ್ಣು ತಲೆಯನ್ನು ದಾಟಿ ಮೆಲ್ಲಗೆ ನಡೆದು ಬಂದು ಇನ್ನೊಂದರ ಪಕ್ಕ ನಿಲ್ಲುತ್ತದೆ, ಎಂದರು. ಆ ರಾತ್ರಿ ನಾನು ನನ್ನ ಕಣ್ಣುಗಳು ಇದ್ದಲ್ಲೇ ಇವೆಯೇ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡಿದ್ದೆ.

ಶನಿವಾರ ಅಪ್ಪನಿಗೆ ಹೇಳಿದೆ. ಅವರು ಬಾಳೆತೋಟದವರಾದರೂ ಭಾನುವಾರ ಪೂರ್ತಿ ಬೆಣ್ಣೆತೊರೆಯ ಹಿನ್ನೀರಿನ ದಂಡೆಯಲ್ಲಿ ಗಾಳ ಹಾಕಿ ಕೂತಿರುವವರು. ಬಿದ್ದು ಬಿದ್ದು ನಕ್ಕರು.

"ಎರಡೂ ಕಣ್ಣ ಒಂದೇ ಬಾಜೂಕ? ಹಂಗಿದ್ರ ಆ ಕಡೆಯಿಂದ ಯಾರ ಬಂದ್ರು ಅಂತ ಅದಕ್ಕ ಹೆಂಗ ಗೊತ್ತಾಗಬೇಕು? ನಿಮ್ಮ ಸಿಸ್ಟರಿಗೆ ಹೇಳು, ನಮ್ಮಪ್ಪ ಹುಟ್ಟಿದಾಗಿಂದ ಮೀನ ಹಿಡದಾನ, ಇಂಥಾದ್ದು ಎಲ್ಲೂ ಇಲ್ಲಂತ."

ಸೋಮವಾರ ಹೇಳಿದೆ. ಸಿಸ್ಟರ್ ನಗಲಿಲ್ಲ. "ಅಪ್ಪನಿಗೆ ಹೇಳು ಮಗಾ, ಸಮುದ್ರ ನಿಮ್ಮ ಹಿನ್ನೀರಿಗಿಂತ ಸ್ವಲ್ಪ ದೊಡ್ಡದುಂಟು."

ಮುಂದಿನ ಶನಿವಾರ ಅಪ್ಪನ ಉತ್ತರ: "ನೀರ ದೊಡ್ಡದಿದ್ರ ಸುಳ್ಳೂ ದೊಡ್ಡವಿರ್ತಾವ." ಇದನ್ನು ನಾನು ಸಿಸ್ಟರಿಗೆ ತಲುಪಿಸಲಿಲ್ಲ. "ಅಪ್ಪ ಹೌದಂದ್ರು" ಎಂದು ಹೇಳಿದೆ. ಕಾನ್ವೆಂಟಿನಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಅದು ನನ್ನೊಳಗೆ ಸಣ್ಣ ಹರಳಿನಂತೆ ಬಹಳ ವರ್ಷ ಇತ್ತು.

ಅಪ್ಪನ ಎಡಗಣ್ಣು ಎಂದೋ ಹೋಗಿತ್ತು. ಒಳಗೆ ಒತ್ತಡ ಏರಿ ಏರಿ, ನಮಗೆ ಗೊತ್ತಾಗುವ ಹೊತ್ತಿಗೆ ಆ ಕಡೆ ಕತ್ತಲು. ಅಂದಿನಿಂದ ಅವರ ಎಡಕ್ಕೆ ನಡೆಯುವುದು ನನ್ನ ರೂಢಿ. ಬಾಗಿಲ ಚೌಕಟ್ಟು, ಎಮ್ಮೆಯ ಕೋಡು, ಬರುವ ಆಟೋ, ಏನಿದ್ದರೂ ಮೊದಲು ನನಗೆ ಸಿಗಲಿ ಎಂದು. ಈಗ ಬಲಗಣ್ಣೂ ಅಂಚಿನಿಂದ ಮುಚ್ಚುತ್ತ ಬಂದಿತ್ತು. "ಬಿದಿರ ಕೊಳವಿಯೊಳಗಿಂದ ನೋಡಿದಂಗ ಅದ. ನಡುವಿನದು ಕಾಣ್ತದ, ಸುತ್ತಲಿಂದು ಇಲ್ಲ," ಎನ್ನುತ್ತಿದ್ದರು. ಮುಂದಿನ ತಿಂಗಳು ಆಪರೇಷನ್ ಎಂದು ಡಾಕ್ಟರು ಹೇಳಿದರು. ಮಾಡಿದರೆ ಇರುವಷ್ಟು ದೃಷ್ಟಿ ಉಳಿಯಬಹುದು, ಉಳಿಯದೆಯೂ ಇರಬಹುದು. ದವಾಖಾನೆಯ ಮೆಟ್ಟಿಲು ಇಳಿಯುತ್ತ, ನನ್ನ ಹೆಗಲ ಮೇಲೆ ಕೈಯಿಟ್ಟು, ಅಪ್ಪ ಕೇಳಿದರು:

"ಯವ್ವಾ, ನಿಮ್ಮ ಸಿಸ್ಟರ್ ಹೇಳಿದ್ದರಲ್ಲ ಆ ಮೀನ. ಅದು ಖರೇನ ಇತ್ತೇನ?"

ಫೋನಿನಲ್ಲಿ ತೋರಿಸಿದೆ. ನೋಡಿ, ಫೋನನ್ನು ತಿರುಗಿಸಿ ಕೊಟ್ಟರು. "ಫೋನಿನಾಗ ಆನಿಗೂ ರೆಕ್ಕಿ ಹಚ್ತಾರ. ಕೈಯಾಗ ಹಿಡದು ನೋಡಬೇಕು. ಮುಂದ ಕಣ್ಣ ಇರ್ತದೋ ಇಲ್ಲೋ."

ಹೀಗೆ ನಮ್ಮವರ ಗೆಳೆಯರೊಬ್ಬರ ಮನೆಯ ಹೊರಕೋಣೆಯನ್ನು ಮೂರು ದಿನಕ್ಕೆ ಕೇಳಿ ಪಡೆದು, ಬಸ್ಸು ಬದಲಿಸಿ ಬದಲಿಸಿ, ಹಿಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾವಿಬ್ಬರೂ ಹೋದೆವು.

ಮೊದಲ ಬೆಳಿಗ್ಗೆ ಅಳಿವೆ ತುಂಬಿತ್ತು. ಅಷ್ಟು ನೀರು ಅಷ್ಟು ಸುಮ್ಮನೆ ಇರುವುದನ್ನು ನಾನು ನೋಡಿರಲಿಲ್ಲ. ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಸುರುವಾಯಿತು ಎಂದು ಹುಡುಕಬೇಕಿತ್ತು. ಒಂದು ಬಿಳಿಯ ಹಕ್ಕಿ ತನ್ನ ನೆರಳಿನ ಮೇಲೆಯೇ ನಿಂತಂತೆ ಕಾಣುತ್ತಿತ್ತು. ಗಾಳಿ ಮುಖಕ್ಕೆ ಬಂದು ತುಟಿಯ ಮೇಲೆ ಉಪ್ಪು ಇಟ್ಟು ಹೋಗುತ್ತಿತ್ತು.

ಅಪ್ಪ ತಮ್ಮ ಪದ್ಧತಿಯಂತೆ ಜಾಗ ಹುಡುಕಿದರು. ಅವರ ಲೆಕ್ಕದಲ್ಲಿ ನೀರಿಗೂ ಒಂದು ಮನೆಯಿರುತ್ತದೆ. ಬಿಸಿಲು ಬಿದ್ದು ಹೊಳೆಯುವುದು ಪಡಸಾಲೆ, ಅಲ್ಲಿ ಮೀನು ಬರೀ ಓಡಾಡುತ್ತವೆ. ಆಳವಾದದ್ದು ಮಲಗುವ ಕೋಣೆ. ದಂಡೆಯ ಮರದ ನೆರಳು, ಬಿದ್ದ ಕಲ್ಲು, ಸಣ್ಣ ಗುಳ್ಳೆ ಏಳುವ ಜಾಗ ಅಡುಗೆಮನೆ. ಗಾಳ ಹಾಕಬೇಕಾದದ್ದು ಅಲ್ಲಿ. ಒಡೆದ ಕಲ್ಲಿನ ಕಟ್ಟೆಯ ಪಕ್ಕ ಅಂಥದೊಂದು ಸಿಕ್ಕಿತು. "ಇದಾ ಅಡಿಗಿಮನಿ," ಎಂದು ಅಪ್ಪ ಕೊಡೆ ಊರಿ, ಹಿಟ್ಟಿನ ಉಂಡೆ ಸಿಕ್ಕಿಸಿ, ಗಾಳ ಬಿಟ್ಟು ಕೂತರು. ನಾನು ಅವರ ಎಡಕ್ಕೆ ಕೂತೆ.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಕಟ್ಟೆಯ ಕಲ್ಲಿನ ಮೇಲೆ ಒಂದು ಒದ್ದೆ ಗೆರೆ ಮೂಡಿತು. ಅದರ ಕೆಳಗೆ ಇನ್ನೊಂದು. ಆಮೇಲೆ ಹಸಿರು ಪಾಚಿ, ಅದರ ಕೆಳಗೆ ಕಲ್ಲಿಗೆ ಅಂಟಿದ ಚಿಪ್ಪುಗಳು. ಸದ್ದಿಲ್ಲದೆ ಯಾರೋ ಸೀರೆಯ ಸೆರಗು ಎಳೆದುಕೊಂಡು ಹೋಗುತ್ತಿರುವಂತೆ ನೀರು ನಮ್ಮ ಮುಂದಿನಿಂದ ಸರಿಯುತ್ತಿತ್ತು. ಅಪ್ಪ ದಾರ ಬಿಟ್ಟರು. ನೀರು ಮತ್ತೂ ಸರಿಯಿತು. ಮತ್ತೆ ಬಿಟ್ಟರು. ಕೊನೆಗೆ ಗಾಳ ಕೆಸರಿನ ಮೇಲೆ, ಬಿಸಿಲಿನಲ್ಲಿ ಬಿದ್ದಿತ್ತು. ಹಿಟ್ಟನ್ನು ಎರಡು ಏಡಿ ಹಂಚಿಕೊಳ್ಳುತ್ತಿದ್ದವು.

"ಗೇಟ್ ತೆಗದಾರ," ಎಂದರು ಅಪ್ಪ, ಬೇಸರದಿಂದ. "ಡ್ಯಾಮಿನವರಿಗೆ ಎಲ್ಲೀನೂ ಬುದ್ಧಿ ಇಲ್ಲ. ಬೆಳಿಗ್ಗೆ ಬೆಳಿಗ್ಗೆ ಯಾರರೆ ಗೇಟ್ ತೆಗೀತಾರೇನ?"

ನಾನೂ ತಲೆಯೆತ್ತಿ ಬೆಟ್ಟದ ಕಡೆ ನೋಡಿದೆ. ಎಲ್ಲಿ ಅಣೆಕಟ್ಟು ಎಂದು ಹುಡುಕಿದೆ. ಭರತ, ಇಳಿತ, ಚಂದ್ರನ ಸೆಳೆತ ಎಲ್ಲವನ್ನೂ ಅದೇ ಸಿಸ್ಟರಿಂದ ಕಲಿತು, ಚಿತ್ರ ಬರೆದು, ಬಣ್ಣ ತುಂಬಿ, ಶಾಬಾಸ್ ಅನ್ನಿಸಿಕೊಂಡವಳು ನಾನು. ಕಣ್ಣ ಮುಂದೆಯೇ ಇಳಿತ ಆಗುತ್ತಿರುವಾಗ ಅದು ನನಗೆ ಹೊಳೆಯಲೇ ಇಲ್ಲ. ಗೇಟು ಹಾಕಿ ತೆಗೆಯುವ ನೀರನ್ನು ನೋಡುತ್ತ ಬೆಳೆದವರು ನಾವು.

ಆಗ ದೂರದಲ್ಲಿ, ಆಗಷ್ಟೇ ನೀರಿದ್ದ ಜಾಗದ ಮೇಲೆ, ಹೆಂಗಸರು ನಡೆದು ಬರುವುದು ಕಂಡಿತು. ಬುಟ್ಟಿ ಹಿಡಿದು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಕೆಸರಿನಿಂದ ಚಿಪ್ಪು ಆರಿಸುವವರು. ಒಂದು ಕ್ಷಣ ನನಗೆ ಅವರು ಸಮುದ್ರದೊಳಗಿಂದಲೇ ಎದ್ದು ಬಂದಂತೆ ಅನಿಸಿತು. ಅವರಲ್ಲಿ ವಯಸ್ಸಾದ ಒಬ್ಬರು ನಮ್ಮ ಮುಂದೆ ನಿಂತರು.

"ಎಂತ ಮಾರಾಯ್ರೆ, ನೀರಿಲ್ಲದಲ್ಲಿ ಗಾಳ ಹಾಕಿ ಕುಂತಿದ್ರಿ?"

"ಗೇಟ್ ಯಾವಾಗ ಬಂದ್ ಮಾಡ್ತಾರ್ರೀ?" ಅಪ್ಪ ಕೇಳಿದರು.

"ಯಾವ ಗೇಟು?"

"ಡ್ಯಾಮಿಂದು."

ಆಕೆ ನಕ್ಕ ನಗುವಿಗೆ ಸೊಂಟದ ಬುಟ್ಟಿ ಜಾರಿತು. ಹಿಂದಿನವರನ್ನು ಕರೆದು ಹೇಳಿದರು. ಅವರೂ ನಕ್ಕರು. "ಇದಕ್ಕೆ ಗೇಟೂ ಇಲ್ಲ, ಗೇಟು ಕಾಯೂರೂ ಇಲ್ಲ. ಮಧ್ಯಾಹ್ನದ ಮೇಲೆ ತಾನೇ ಬರ್ತದೆ." ಆಮೇಲೆ ಡಬ್ಬಿಯೊಳಗೆ ಇಣುಕಿ, "ಇದೆಂತದು, ಪ್ರಸಾದವಾ?"

"ನಂಗು ಹಿಡೀಬೇಕ್ರೀ, ಅದಕ್ಕ," ಎಂದೆ ನಾನು, ನಾಚಿಕೊಂಡು.

"ನಂಗು ಹಣ್ಣು ತಿನ್ನೂದಿಲ್ಲ ತಂಗಿ. ಅದಕ್ಕೆ ಮಿಸುಕಾಡೂದು ಬೇಕು. ಜೀವದ ಸಿಗಡಿ, ಇಲ್ಲ ಈ ಕೆಸರಿನ ಹುಳ."

ಅಪ್ಪ ನನ್ನ ಕಡೆ ಬಾಗಿ ಮೆಲ್ಲಗೆ, "ಈ ಕಡೆ ಮೀನಾ ಮಾಲಿ ಹಾಕ್ಕೊಂಡಿಲ್ಲ ಹಂಗಾದ್ರ," ಎಂದರು.

ಆಕೆ ನಮ್ಮನ್ನು ಕೆಸರಿನ ಮೇಲೆ ಕರೆದುಕೊಂಡು ಹೋದರು. ಸಮುದ್ರದ ತಳದ ಮೇಲೆ ನಡೆಯುವುದು ಕನಸಿನಲ್ಲಿ ನಡೆದಂತೆಯೇ ಇತ್ತು. ಹೆಜ್ಜೆ ಒಳಗಿಳಿಯುತ್ತಿತ್ತು, ತುಂಬಿಕೊಳ್ಳುತ್ತಿತ್ತು, ಹಿಂತಿರುಗಿ ನೋಡಿದರೆ ನಾವು ಬಂದೇ ಇಲ್ಲವೆಂಬಂತೆ ನೆಲ ಸಪಾಟಾಗಿರುತ್ತಿತ್ತು. ಸಣ್ಣ ನೀರಿನ ಕಾಲುವೆಯೊಂದು ಬಂದು ದೊಡ್ಡ ಹೊಳೆಗೆ ಸೇರುವ ಮೂಲೆಯಲ್ಲಿ, ಅರ್ಧ ಮರಳು ಅರ್ಧ ಕೆಸರು ಬೆರೆತ ಜಾಗದಲ್ಲಿ ಆಕೆ ನಿಂತು ಬೆರಳು ಮಾಡಿದರು.

"ಕಾಣ್ತದಾ? ನಂಗು ಮಲಗಿದ ಗುರುತು."

ಮೊದಲು ನನಗೆ ಏನೂ ಕಾಣಲಿಲ್ಲ. ಆಮೇಲೆ ಒಂದು ಕಂಡಿತು. ಅಂಗೈಯಗಲದ, ವೀಳ್ಯದೆಲೆಯ ಆಕಾರದ ತಗ್ಗು. ಸುತ್ತ ರೆಕ್ಕೆ ಬಡಿದು ಮರಳು ಎರಚಿಕೊಂಡ ನವಿರಾದ ಅಂಚು. ಒಂದು ಕಂಡ ಮೇಲೆ ಎಲ್ಲೆಲ್ಲೂ ಕಂಡವು. ಬೆಳಿಗ್ಗೆ ಮಂದಿ ಎದ್ದುಹೋದ ಮೇಲಿನ ಹಾಸಿಗೆಗಳಂತೆ, ಒಂದರ ಪಕ್ಕ ಒಂದು. ನೀರು ಏರುವಾಗ ಇವು ಇದೇ ಅಂಚಿಗೆ ಹಿಂತಿರುಗುತ್ತವೆ, ಆಕೆ ಹೇಳಿದರು. ಇಳಿತದಲ್ಲಿ ಹಾಸಿಗೆ ಹುಡುಕಿಟ್ಟುಕೊಂಡು ಭರತದಲ್ಲಿ ಬಂದು ಕಾಯಬೇಕು. ಜಾಗ ಹುಡುಕುವುದೆಂದರೆ ಇಷ್ಟೇ.

"ಹೌದೌದು. ಛಂದ ಅದ," ಎಂದರು ಅಪ್ಪ.

ಅವರ ದೃಷ್ಟಿ ಗುರುತಿನಿಂದ ಎರಡು ಮಾರು ಆಚೆ, ಬರೀ ಮರಳಿನ ಮೇಲಿತ್ತು.

ಬೂದಿಯ ಮೇಲೆ ಬೂದಿಯ ಬಣ್ಣ. ಆ ಕೊಳವೆಯೊಳಗಿಂದ ಅದು ಹೇಗೆ ಕಾಣಬೇಕು? ಗುರುತೇ ಕಾಣದವರು ಮೀನು ಹೇಗೆ ನೋಡಿಯಾರು? ನಾನು ಅವರ ಕೈ ಹಿಡಿದು ಕೂರಿಸಿ, ಬೆರಳನ್ನು ಆ ತಗ್ಗಿನ ಅಂಚಿಗೆ ಮುಟ್ಟಿಸಿದೆ. ಬೆರಳು ಒಂದು ಸುತ್ತು ಹಾಕಿತು, ಮತ್ತೆ ಒಂದು ಕಡೆ ನಿಂತಿತು.

"ಇಲ್ಲಿ ತಲಿ ಇತ್ತು. ಇಲ್ಲಿ ಆಳ ಅದ. ಉಸಿರಾಡಿ ಉಸಿರಾಡಿ ತೆಗ್ಗು ಬಿದ್ದದ."

ಆ ಹೆಂಗಸು ಅಪ್ಪನ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ನಗು ನಿಂತಿತ್ತು. "ಇವ್ರಿಗೆ ಗೊತ್ತದೆ," ಎಂದರು. ಹೋಗುವ ಮುಂಚೆ ಒಂದು ಎಚ್ಚರಿಕೆ ಹೇಳಿದರು: ನೀರಿನಲ್ಲಿ ಕಾಲು ಎತ್ತಿ ಇಡಬಾರದು, ತಳಕ್ಕೆ ಸವರಿಕೊಂಡು ಎಳೆಯಬೇಕು. ಬಾಲದಲ್ಲಿ ಮುಳ್ಳಿರುವ ತೊರಕೆ ಮೀನೂ ಹೀಗೆಯೇ ಮಲಗಿರುತ್ತದೆ, ತುಳಿದರೆ ಚುಚ್ಚುತ್ತದೆ.

ಆ ಮಧ್ಯಾಹ್ನ ನೀರು ತಾನೇ ಬಂತು. ಸಿಗಡಿ ಸಿಕ್ಕಿಸಿ ಕಾದೆವು. ಏಡಿಗಳು ತಿಂದು ಹೋದವು. ಎರಡನೆಯ ದಿನ ಹುಳ. ಕೆಸರು ಅಗೆದು ತೆಗೆದದ್ದು, ಕೆಂಪಗೆ, ಬೆರಳಿಗೆ ಸುತ್ತಿಕೊಳ್ಳುವಂಥದ್ದು. ಅದನ್ನು ಗಾಳಕ್ಕೆ ಸಿಕ್ಕಿಸುವಾಗ ನಾನು ಮುಖ ಆಚೆ ತಿರುಗಿಸಿ, ಬೆರಳಿಗೆ ಮಾತ್ರ ಕೆಲಸ ಹೇಳಿದೆ. ಅಪ್ಪನ ಕೈಗೆ ದಾರದಲ್ಲಿ ಮೆಲ್ಲಗೆ ತಟ್ಟಿದ್ದು ಗೊತ್ತಾಯಿತು. ನಮ್ಮ ಹಿನ್ನೀರಿನ ಮೀನು ಎಳೆದ ತಕ್ಷಣ ಎಳೆಯಬೇಕು. ಇದು ಬಾಯಲ್ಲಿಟ್ಟುಕೊಂಡು ಯೋಚಿಸುವ ಮೀನು. ಅಪ್ಪ ಹಳೆಯ ರೂಢಿಯಲ್ಲಿ ಜಗ್ಗಿದರು. ಬರಿ ಗಾಳ ಬಂತು.

"ನನಗ ಆತುರ ಆತವಾ," ಎಂದರು. ಅಂದು ಊಟವೂ ಸರಿಯಾಗಿ ಮಾಡಲಿಲ್ಲ. ಮಲಗುವ ಮುಂಚೆ ಗೋಡೆಯ ಕಡೆ ಮುಖ ಮಾಡಿ, "ನಾಳಿನೂ ಆಗದಿದ್ರ ನೀ ನೋಡಿ ಹೇಳು. ನೀ ಹೇಳಿದ್ರ ಸಾಕು," ಎಂದರು. ಸಾಕಾಗುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮೂರನೆಯ ದಿನ ಸಂಜೆಯ ಬಸ್ಸಿಗೆ ನಾವು ಹೊರಡಬೇಕು. ಮಧ್ಯಾಹ್ನ ನೀರು ಪಾದ ಮುಳುಗುವಷ್ಟು ಏರಿದಾಗ ಅಪ್ಪ ಗಾಳದ ಕೋಲನ್ನು ಕಟ್ಟೆಯ ಮೇಲಿಟ್ಟು, ಧೋತರ ಮೇಲೆ ಕಟ್ಟಿ, ಬರಿಗಾಲಲ್ಲಿ ಇಳಿದರು.

"ಕೋಲ ಬಿಟ್ರಲ್ಲ?"

"ಕಣ್ಣಿಗೆ ಕಾಣಲಿಲ್ಲ, ಕೈಗೆ ಸಿಗಲಿಲ್ಲ. ಕಾಲಿಗೆ ಕೇಳಿ ನೋಡ್ತೀನಿ."

ಹಾಸಿಗೆಗಳ ಜಾಗವನ್ನು ನಾನು ಕಡ್ಡಿ ನೆಟ್ಟು ಗುರುತು ಮಾಡಿಟ್ಟಿದ್ದೆ. ಅಲ್ಲಿ ಅವರು ಪಾದವನ್ನು ಸವರಿಕೊಂಡು, ಸವರಿಕೊಂಡು ನಡೆದರು. ನಾನು ಎಡಕ್ಕೆ. ನೀರು ಬೆಚ್ಚಗಿತ್ತು. ಮೋಡದ ನೆರಳೊಂದು ನಮ್ಮ ಮೇಲೆ ಹಾದು ಆಚೆ ದಂಡೆಗೆ ಹೋಯಿತು. ಪಾದದ ಸುತ್ತ ನೀರು ಸೀಳುವ ಸಣ್ಣ ಸದ್ದು ಮಾತ್ರ. ನೀರು ಮೀನಖಂಡಕ್ಕೆ ಬಂತು, ಮೊಣಕಾಲಿಗೆ ಬಂತು. ಇನ್ನು ಹೊರಡಬೇಕೆಂದು ಹೇಳಲು ನಾನು ಬಾಯಿ ತೆರೆದೆ. ಅಪ್ಪ ನಿಂತುಬಿಟ್ಟರು.

"ಯವ್ವಾ," ಎಂದರು, ದೇವರ ಕೋಣೆಯಲ್ಲಿ ಮಾತಾಡುವಷ್ಟು ಮೆಲ್ಲಗೆ. "ನನ್ನ ಕಾಲಾಗ ನೆಲಾ ನಡುಗಾಕತ್ತದ."

ಕಾಲು ಎತ್ತದೆ ಬಾಗಿದರು. ಗದ್ದಕ್ಕೆ ನೀರು ತಾಗಿತು. ಎರಡೂ ಕೈ ಪಾದದ ಅಡಿಗೆ ಹೋದವು, ಅಲ್ಲಿ ಬಹಳ ಹೊತ್ತು ಇದ್ದವು. ಮೇಲೆ ಬಂದಾಗ ಬೆರಳುಗಳ ನಡುವೆ ಅದು ಇತ್ತು. ಮೇಲೆ ಮರಳಿನ ಬಣ್ಣ, ಅಡಿಯಲ್ಲಿ ಹಾಲಿನ ಬಣ್ಣ, ಸುತ್ತ ಜಾಲರಿಯಂತೆ ಅಲೆಯುವ ರೆಕ್ಕೆ.

ಅಪ್ಪ ಅದನ್ನು ಬಲಗಣ್ಣಿನ ನೇರಕ್ಕೆ ತಂದರು. ಸ್ವಲ್ಪ ಹತ್ತಿರ, ಸ್ವಲ್ಪ ದೂರ, ಸ್ವಲ್ಪ ಬಿಸಿಲಿನ ಕಡೆ. ತಮ್ಮ ಕೊಳವೆಯ ನಡುವಿಗೆ ಅದರ ಮುಖವನ್ನು ಹಿಡಿದು ನಿಲ್ಲಿಸಿದರು. ಕಾಣುತ್ತಿದೆಯೇ ಎಂದು ಕೇಳುವ ಧೈರ್ಯ ಆಗಲಿಲ್ಲ. ಮೀನಿನ ಒಂದು ಕಣ್ಣು ನನ್ನ ಕಡೆ ಹೊರಳಿತು, ಇನ್ನೊಂದು ಅಪ್ಪನ ಮೇಲೆಯೇ ಇತ್ತು.

"ಒಂದು ನಿನ್ನ ನೋಡ್ತು," ಎಂದರು ಅಪ್ಪ. "ಒಂದು ನನ್ನ ನೋಡಾಕತ್ತದ. ಸುತ್ತ ಬಂಗಾರದ ಗೆರಿ ಅದ."

ಇತ್ತು. ಕೂದಲೆಳೆಯಷ್ಟು. ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

"ನಿಮ್ಮ ಸಿಸ್ಟರ್ ಖರೇನ ಹೇಳಿದ್ರು. ನಾ ಸುಳ್ಳ ಅಂದಿದ್ದೆ, ನೀ ಅವರಿಗೆ ಹೇಳಿದ್ದೇನ?"

"ಇಲ್ಲಪ್ಪಾ. ನೀವು ಹೌದಂದ್ರಿ ಅಂತ ಹೇಳಿದ್ದೆ."

"ಛಲೋ ಮಾಡಿದಿ," ಎಂದು ಅಪ್ಪ ಕೈಗಳನ್ನು ನೀರಿಗಿಳಿಸಿ ಬೆರಳು ಬಿಡಿಸಿದರು. ಮೀನು ಒಂದು ಕ್ಷಣ ಅಂಗೈಯ ಮೇಲೆಯೇ ಇದ್ದು, ಆಮೇಲೆ ಮರಳಾಗಿಬಿಟ್ಟಿತು. ಕಟ್ಟೆಯ ಮೇಲೆ ಬುಟ್ಟಿ ತೊಳೆಯುತ್ತಿದ್ದ ಆ ಹೆಂಗಸು ತಲೆಯ ಮೇಲೆ ಕೈ ಹೊತ್ತುಕೊಂಡರು. "ಅಯ್ಯೋ ರಾಮಾ! ಮೂರು ದಿನ ಕಾದು ಬಿಟ್ರಲ್ಲ! ಒಂದು ಸಾರಿಗೆ ಆಗ್ತಿತ್ತು!"

ಆಪರೇಷನ್ನಿನ ದಿನ ಬಂತು, ಆಯಿತು. ಪಟ್ಟಿ ಬಿಚ್ಚುವವರೆಗೆ ಅಪ್ಪ ಕಲಬುರಗಿಯಲ್ಲಿ ನಮ್ಮ ಮನೆಯಲ್ಲೇ ಇದ್ದರು. ಒಂದು ಸಂಜೆ ಅತ್ತೆ ರೊಟ್ಟಿ ಬಡಿಯಲು ಕೂತಿದ್ದರು. ಒಂದು ಕಣ್ಣು ಕತ್ತಲು, ಇನ್ನೊಂದಕ್ಕೆ ಪಟ್ಟಿ. ಅಪ್ಪ ಒಲೆಯ ಕಾವಿಗೆ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದರು.

"ಅಣ್ಣಾರ, ಅದ್ಹೆಂಗ ಇತ್ತು ಹೇಳ್ರಿ ಅದು?" ಅತ್ತೆ ಕೇಳಿದರು. ದಿನಾ ಕೇಳುತ್ತಿದ್ದರು. ಮೀನಿನ ಹೆಸರು ಮಾತ್ರ ಬಾಯಿಗೆ ತರುತ್ತಿರಲಿಲ್ಲ.

ಅಪ್ಪ ಕೈ ಚಾಚಿದರು. ನಾನು ಪರಾತ ಹತ್ತಿರ ಸರಿಸಿದೆ. ತಳದಲ್ಲಿ ಹರಡಿದ ಜೋಳದ ಹಿಟ್ಟಿನ ಮೇಲೆ ಅವರ ಬೆರಳು ಒಂದೇ ಗೆರೆಯಲ್ಲಿ, ಎತ್ತದೆ, ಸುತ್ತು ಬಂತು. ಆಮೇಲೆ ತಲೆಯ ಹತ್ತಿರ ಎರಡು ಚುಕ್ಕೆ, ಒಂದರ ಪಕ್ಕ ಒಂದು.

ಅತ್ತೆ ಬಾಗಿ ನೋಡಿದರು. ಕೈಯಲ್ಲಿದ್ದ ರೊಟ್ಟಿಯ ಉಂಡೆ ಹಾಗೆಯೇ ನಿಂತಿತ್ತು. "ಪಾಪ. ಮತ್ತ ಆ ಕಡೆಯಿಂದ ಯಾರ ಬಂದ್ರು ಅಂತ ಹೆಂಗ ಗೊತ್ತಾಗಬೇಕು ಅದಕ್ಕ?"

"ಆ ಕಡೆ ನೆಲಾ ಅದರೀ ಅಕ್ಕಾರ," ಎಂದರು ಅಪ್ಪ. "ಆ ಕಡೇದು ನೆಲಾನ ನೋಡಿಕೊಳ್ತದ."

ಹಾಗೆ ಹೇಳುತ್ತ ಅವರು ಎಡಗೈಯನ್ನು ಪಕ್ಕಕ್ಕೆ ಊರಿದರು. ನಾನು ಅಲ್ಲೇ ಕೂತಿದ್ದೆ. ಅತ್ತೆ ಪರಾತ ಅಲುಗದಂತೆ ಎತ್ತಿ ಬದಿಗಿಟ್ಟು, ಡಬ್ಬಿಯಿಂದ ಬೇರೆ ಹಿಟ್ಟು ತೆಗೆದುಕೊಂಡರು.